ಅಕ್ಕನ ನಿವೃತ್ತಿಯ ಶಾಲು

ಸನ್ಮಾನದ ಶಾಲಿಗೆ ಒಂದು ದೊಡ್ಡ ಗುಣವಿದೆ. ಯಾರೂ ಅದನ್ನು ಹೊದೆಯುವುದಿಲ್ಲವಾದ್ದರಿಂದ ಅದು ಎಂದೂ ಹಳತಾಗುವುದಿಲ್ಲ. ನಮ್ಮ ಮನೆಯ ಕಪಾಟಿನಲ್ಲಿರುವ ಶಾಲನ್ನೇ ನೋಡಿ. ನನ್ನ ಅಕ್ಕ ಸುನಂದಾ ಟೆನಿಸ್‌ನಿಂದ ನಿವೃತ್ತಳಾದಾಗಲೆಲ್ಲ ಅದನ್ನೇ ಹೊದಿಸುತ್ತೇವೆ. ಇದುವರೆಗೆ ಮೂರು ಸಲ ಆಗಿದೆ.

ಸದಾಶಿವಗಡದ ಮೀನುಗಾರರ ಮನೆಯ ಹುಡುಗಿ ಟೆನಿಸ್ ಆಡಿ ಹೊಟ್ಟೆ ಹೊರೆಯುತ್ತಾಳೆಂದರೆ ಮೊದಮೊದಲು ಯಾರೂ ನಂಬಲಿಲ್ಲ. ಅಪ್ಪ ಮಾತ್ರ ಹಳೇ ಬಲೆಯೊಂದನ್ನು ಎರಡು ಗಾಳಿಮರಗಳ ನಡುವೆ ಕಟ್ಟಿಕೊಟ್ಟ. ಚೆಂಡು ಅದಕ್ಕೆ ಬಿದ್ದಾಗಲೆಲ್ಲ "ಸಿಕ್ತು, ಸಿಕ್ತು!" ಎಂದು ಚಪ್ಪಾಳೆ ತಟ್ಟುತ್ತಿದ್ದ. ಬಲೆಗೆ ಬೀಳುವುದೆಂದರೆ ಸೋಲು ಎಂದು ಅವನಿಗೆ ಒಪ್ಪಿಸಲು ಕೊನೆಗೂ ನಮ್ಮಿಂದ ಆಗಲಿಲ್ಲ. ಅಕ್ಕ ಯಾವ್ಯಾವುದೋ ದೇಶಗಳಲ್ಲಿ ಆಡಿದಳು, ಗೆದ್ದಳು, ಅದಕ್ಕಿಂತ ಹೆಚ್ಚು ಸೋತಳು. ಈಗ ಡಬಲ್ಸ್ ಮಾತ್ರ. ಜೊತೆಗೆ ಆಡುವ ಹುಡುಗಿ ಹುಟ್ಟುವ ಮೊದಲೇ ಇವಳ ಮೊಣಕಾಲು ನೋಯಲು ಶುರುವಾಗಿತ್ತಂತೆ. ನಾನೋ, ಕದ್ರಾದ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಿಲ್ಲ. ನಾನು ಟೆನಿಸ್ ಸುನಂದಾಳ ತಮ್ಮ. ಆ ಲೆಕ್ಕದಲ್ಲಿ ಸಾಹೇಬರಿಗಿಂತ ಮೊದಲು ನನಗೆ ಚಹಾ ಬರುತ್ತದೆ.

ಮಳೆಗಾಲದಲ್ಲಿ ದೋಣಿಗಳು ದಡಕ್ಕೇರುವ ಹೊತ್ತಿಗೆ ಅಕ್ಕನೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬರುತ್ತಾಳೆ. "ಸಾಕಾಯ್ತು ತಮಾ, ಇನ್ನು ಆಡೂದಿಲ್ಲ." ನಾವು ಊರವರನ್ನು ಕರೆದು ಶಾಲು ಹೊದಿಸುತ್ತೇವೆ. ಅಂಕೋಲೆಯಿಂದ ಚಿಕ್ಕಮ್ಮ ಬಂದು ಕಣ್ಣೊರೆಸಿಕೊಳ್ಳುತ್ತಾಳೆ. ಆಮೇಲೆ ನೂಲು ಹುಣ್ಣಿಮೆ ಬರುತ್ತದೆ, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳನ್ನು ಇಳಿಸುತ್ತಾರೆ, ಅಕ್ಕನ ಕಾಲಿಗೆ ತುರಿಕೆ ಹತ್ತುತ್ತದೆ, ಮತ್ತೆ ಆಡಲು ಹೊರಟುಬಿಡುತ್ತಾಳೆ.

ಈ ಸಲ ಆಯಿ ಪಟ್ಟು ಹಿಡಿದಳು. ಮಗಳು ಮನೆಯಲ್ಲಿ ಒಂದು ದೀಪಾವಳಿಯನ್ನಾದರೂ ನೋಡಲಿ ಎಂಬುದು ಅವಳ ಆಸೆ. ಹುಣ್ಣಿಮೆಯ ದಿನ ಕಾಯಿಗೆ ಕುಂಕುಮ ಹಚ್ಚಿ ನನ್ನ ಕೈಗಿಟ್ಟಳು. "ಅವ್ಳು ದಡದಲ್ಲೇ ಉಳೀಲಿ ಅಂತ ಹೇಳಿ ಬಿಡು, ತಮಾ." ನಾನು ಸೊಂಟದ ತನಕ ನೀರಿಗಿಳಿದು ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಕ್ಕನ ಬ್ಯಾಗು ಕೂತಿತ್ತು.

"ಹಾಗಾದ್ರೆ ನಿನ್ನೆ ಕಾಯಿ ಬಿಟ್ಟದ್ದು ಎಂತಕ್ಕೆ?" ಆಯಿಯ ದನಿ ನಡುಗಿತು.

"ಆಯಿ, ಕಾಯಿ ಬಿಡೂದು ದೋಣಿ ಹೊರಡ್ಲಿ ಅಂತ ಅಲ್ವಾ? ಕಾಯಿ ಕೊಟ್ಟು ದೋಣಿ ನಿಲ್ಸಿದವ್ರನ್ನ ನೀ ಎಲ್ಲಾದ್ರೂ ಕಂಡಿದ್ಯಾ?"

ಹುಟ್ಟಿದಂದಿನಿಂದ ದೋಣಿ ನೋಡಿದ ಆಯಿ ಒಳಗೆ ಹೋಗಿ ಒಣಸೀಗಡಿ ಚಟ್ನಿಯ ಡಬ್ಬಿ ತಂದು ಬ್ಯಾಗಿನಲ್ಲಿ ತುರುಕಿದಳು.

ಅಕ್ಕನನ್ನು ಗೋವಾದ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಾಗ ಮನೆ ಬಿಕೋ ಎನ್ನುತ್ತಿತ್ತು. ನನಗೂ ಬೇಸರವಾಗಿತ್ತು, ಸುಳ್ಳಲ್ಲ. ಶಾಲು ಮಡಚಿ, ನಡುವೆ ನುಸಿಗುಳಿಗೆ ಹಾಕಿ ಕಪಾಟಿನಲ್ಲಿ ಇಡುತ್ತಿದ್ದಾಗ ಹೆಂಡತಿ ಬಾಗಿಲಿಗೆ ಒರಗಿ ನಿಂತಳು.

"ಅಲ್ಲ, ಕಾಯಿ ಬಿಡುವಾಗ ನೀವು ಸಮುದ್ರಕ್ಕೆ ಎಂತ ಹೇಳಿದ್ರಿ?"

ನಾಳೆ ಕದ್ರಾದ ಕಚೇರಿಯಲ್ಲಿ ಮೊದಲ ಚಹಾ ನನ್ನ ಮುಂದಿಟ್ಟು "ಅಕ್ಕ ಈಗ ಯಾವ ದೇಶದಲ್ಲಿ?" ಎಂದು ಕೇಳುವವರಿಗೆ ಏನು ಹೇಳಬೇಕೆಂಬ ಯೋಚನೆಯಲ್ಲಿದ್ದೆ ನೋಡಿ, ಅವಳ ಪ್ರಶ್ನೆ ನನಗೆ ಕೇಳಿಸಲೇ ಇಲ್ಲ.