ಗ್ರೀನ್‌ಫರ್ಡ್ ಕಾಕಾನ ಹಾರುವ ನಾಯಕಿಯರು

ನಮ್ಮ ಕಾಕಾ ಮದುವೆಯಾಗಲಿಲ್ಲ. ಆದರೆ ಲಂಡನ್ನಿನ ಗ್ರೀನ್‌ಫರ್ಡ್‌ನ ಅವರ ಮನೆಗೆ ಹೋಗಿ ನೋಡಿ, ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ ಕೂಡ ಹೆಂಗಸರೇ ಹೆಂಗಸರು! ಒಬ್ಬಳು ಬರಿಗೈಯಲ್ಲಿ ಮಿಂಚು ಹಿಡಿಯುತ್ತಾಳೆ. ಒಬ್ಬಳು ಗೋಡೆಯ ಒಳಗಿಂದ ನಡೆದು ಬರುತ್ತಾಳೆ. ಮತ್ತೊಬ್ಬಳಿಗೆ ಸಿಟ್ಟು ಬಂದರೆ ಮಂತ್ರಿಮಂಡಲವನ್ನೇ ಎತ್ತಿ ಸಮುದ್ರಕ್ಕೆ ಹಾಕುತ್ತಾಳೆ.

ಗಾಬರಿಯಾಗಬೇಡಿ, ಎಲ್ಲರೂ ಕಾಗದದ ಮೇಲಿನವರು. ಆಫ್ರಿಕಾದ ಸೂಪರ್‌ಹೀರೋಗಳ ಕಾಮಿಕ್ಸ್ ಪುಸ್ತಕಗಳು. ಅವು ದೊಡ್ಡ ಅಂಗಡಿಗಳಲ್ಲಿ ಸಿಗುವಂಥವೂ ಅಲ್ಲ. ಲಾಗೋಸ್‌ನಲ್ಲೋ, ನೈರೋಬಿಯಲ್ಲೋ, ಇಲ್ಲೇ ಲಂಡನ್ನಿನ ಯಾವುದೋ ಫ್ಲ್ಯಾಟಿನಲ್ಲೋ ಒಬ್ಬರಿಬ್ಬರು ಕೂತು, ತಾವೇ ಕಥೆ ಬರೆದು, ತಾವೇ ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸಿ, ತಾವೇ ಮೇಜು ಹಾಕಿಕೊಂಡು ಮಾರುವಂಥವು. ಆ ಮೇಜು ಎಲ್ಲಿದ್ದರೂ ಅದರ ಮುಂದೆ ಧಾರವಾಡದ ನಮ್ಮ ಕಾಕಾ ಇರುತ್ತಾರೆ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ನೌಕರಿ ಇರುವ ತನಕ ಜನರನ್ನು ಮಲಗಿಸಿದರು, ನಿವೃತ್ತಿಯಾದ ಮೇಲೆ ಯಾರನ್ನೂ ಮಲಗಗೊಡಲಿಲ್ಲ!

ದೊಡ್ಡ ಕಂಪನಿಗಳ ಹೀರೋಗಳೆಂದರೆ ಅವರಿಗೆ ತಾತ್ಸಾರ. "ಅವ್ರು ಬರೇ ಕಟ್ಟಡಾ ಕೆಡವತಾರೋ! ನಮ್ಮಾಕಿ ನೋಡು. ಕರೆಂಟ್ ಹೋದ್ರ ಇಡೀ ಓಣಿಗೆ ಅಂಗೈಯಿಂದ ಕರೆಂಟ್ ಕೊಡ್ತಾಳ. ಯಾವ್ದು ದೊಡ್ಡ ಶಕ್ತಿ, ನೀನ ಹೇಳು."

ನಾನು ಏನು ಹೇಳಲಿ? ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡಿ ಕ್ಯಾನರಿ ವಾರ್ಫ್‌ನ ಒಂದು ಆಫೀಸಿಗೆ ಬಂದು ಬಿದ್ದವನು. ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಮುಂಚೆಯೇ ಊಹಿಸಿ ಹೆದರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಆಫೀಸಿನಲ್ಲಿ ಹೆದರಿದ್ದು ಸಾಲದೆ ಮನೆಗೆ ಬಂದು ಬಿಟ್ಟಿಯಾಗಿ ಹೆದರುತ್ತೇನೆ. ಗ್ಯಾಸ್ ಆರಿಸಿದೆನೇ? ಬಾಗಿಲು ಹಾಕಿದೆನೇ? ಹಾಕಿದ್ದು ಇವತ್ತೋ, ನೆನಪಾಗುತ್ತಿರುವುದು ನಿನ್ನೆಯದೋ?

ಕಾಕಾನಿಗೆ ಇಂಥ ಅನುಮಾನಗಳೇ ಇಲ್ಲ. ಒಮ್ಮೆ ಖಂಡೇನವಮಿಯ ದಿನ, ಪದ್ಧತಿಯಂತೆ ಪುಸ್ತಕಗಳನ್ನು ಪೂಜೆಗಿಟ್ಟರು. ಉಳಿದವರ ಮನೆಯಲ್ಲಿ ಭಗವದ್ಗೀತೆ, ಮಕ್ಕಳ ಪಠ್ಯಪುಸ್ತಕ. ಇವರ ಮನೆಯಲ್ಲಿ ಮಿಂಚಿನಾಕೆ! ಹೊಸ ಪ್ರತಿಯ ಮುಖಪುಟದ ಮೇಲೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ತೆರೆಯುವಂತಿಲ್ಲವಲ್ಲ, ಆ ದಿನವಿಡೀ ನನಗೆ ಫೋನು. "ಹಿಂದಿನ ಪುಸ್ತಕದಾಗ ಆಕಿ ಬಾವ್ಯಾಗ ಬಿದ್ದಾಳೋ. ಪಾರಾಗ್ತಾಳೇನೋ?" ಬರೆದವರನ್ನೇ ಕೇಳಿ ಎಂದೆ. ಕೇಳಿಯೇಬಿಟ್ಟರು!

ಬರೆದವಳು ಲಂಡನ್ನಿನಲ್ಲೇ ಹುಟ್ಟಿದ, ಲಾಗೋಸ್ ಮೂಲದ ಹುಡುಗಿ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಚಿತ್ರ. ಈಸ್ಟ್ ಹ್ಯಾಮ್‌ನ ಒಂದು ಸಭಾಂಗಣದಲ್ಲಿ ಇಂಥವರ ಸಂತೆ ಸೇರಿದಾಗ ಕಾಕಾ ಆ ಪೂಜೆಯ ಪ್ರತಿಯನ್ನೇ ಸಹಿಗೆಂದು ಮುಂದೆ ಹಿಡಿದರು. ಅವಳು ಎದೆ ಹಿಡಿದುಕೊಂಡಳು.

"ಅಂಕಲ್! ಸಂಗ್ರಹ ಮಾಡೋರು ಕವರ್ ಮೇಲೆ ಬೆರಳಚ್ಚು ಕೂಡ ಬೀಳೋಕೆ ಬಿಡಲ್ಲ. ಇದೇನಿದು ಕೆಂಪು?"

"ಪೂಜಾ ಮಾಡೀನಮ್ಮಾ. ದೃಷ್ಟಿ ತಾಗಬಾರದಂತ."

ಅವಳು ಪುಸ್ತಕ ನೋಡಿದಳು, ಕಾಕಾನನ್ನು ನೋಡಿದಳು. ಮುಂದಿನ ಸಂತೆಯಲ್ಲಿ ಅವಳ ಮೇಜಿನ ಮೇಲೆ ಕೆಲವು ಪ್ರತಿಗಳಿಗೆ ಕೆಂಪು ಬೊಟ್ಟು ಇತ್ತು. ಮೊದಲು ಖಾಲಿಯಾದವು ಅವೇ!

ಹೀಗೆ ಬೆಳೆದ ಸ್ನೇಹದಲ್ಲಿ ಕಾಕಾ ಅವಳಿಗೆ ತಮ್ಮ ಹಳೆಯ ಕಥೆ ಹೇಳಿದರು. ಇಂಗ್ಲೆಂಡಿಗೆ ಬರುವ ಮೊದಲು ಅವರು ನೈಜೀರಿಯಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದರು. ಒಂದು ಸಂಜೆ ಗರ್ಭಿಣಿಯೊಬ್ಬಳ ಹೆರಿಗೆಯ ಆಪರೇಷನ್ ನಡುವೆ ಕರೆಂಟ್ ಹೋಯಿತು. ಹೊಸ ಡಾಕ್ಟರ್ ಕಾಕಾನ ಕೈ ನಡುಗತೊಡಗಿತು. ಆಗ ಹಿರಿಯ ನರ್ಸ್ ಒಬ್ಬಾಕೆ ಹೊರಗೆ ಓಡಿ, ಯಾರದೋ ಮೋಟರ್‌ಬೈಕನ್ನು ಕಿಟಕಿಯ ಹತ್ತಿರ ತಂದು, ಅದರ ದೀಪವನ್ನು ನೇರ ಒಳಗೆ ಬಿಟ್ಟು, ಆಪರೇಷನ್ ಮುಗಿಯುವ ತನಕ ಆಕ್ಸಿಲರೇಟರ್ ತಿರುವಿಕೊಂಡು ನಿಂತಳು. ನಿಂತಲ್ಲಿಂದಲೇ ಕಾಕಾನನ್ನು ಗದರಿಸುತ್ತಿದ್ದಳು. ತಾಯಿ, ಮಗು ಇಬ್ಬರೂ ಉಳಿದರು.

ಹುಡುಗಿಯ ಕಣ್ಣು ಹೊಳೆಯಿತು. ಮುಂದಿನ ಪುಸ್ತಕದ ಸೂಪರ್‌ಹೀರೋ ಇವಳೇ ಎಂದಳು. ಆದರೆ ಒಂದು ಷರತ್ತು. "ಅವರ ನಿಜವಾದ ಹೆಸರು ಬೇಕು ಅಂಕಲ್. ನನ್ನ ಸ್ವಂತ ಅಜ್ಜಿಯ ಹೆಸರು ನನಗೆ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ. ಹೆಸರಿಲ್ಲದೆ ನಾನು ಬರೆಯಲ್ಲ."

ಕಾಕಾ ಬಾಯಿ ತೆರೆದರು. ಹೆಸರು ಬರಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ! ಟ್ಯೂಬ್ ರೈಲಿನಲ್ಲಿದ್ದರೆ ಫೋನು, ಮೀಟಿಂಗಿನಲ್ಲಿದ್ದರೆ ಫೋನು. "ನೀ ಸಣ್ಣಾವಿದ್ದಾಗ ನಾ ಸೂಟಿಗೆ ಧಾರವಾಡಕ್ಕ ಬಂದಾಗೆಲ್ಲಾ ಈ ಕಥಿ ಹೇಳೀನಿ. ನಿನಗ ಗೊತ್ತಿರಬೇಕು. ಪಿಎಚ್‌ಡಿ ಮಾಡೀಯಲ್ಲೋ!"

"ಕಾಕಾ, ನನಗ ಅದು ಟ್ರ್ಯಾಕ್ಟರ್ ಅಂತ ನೆನಪದ."

"ಟ್ರ್ಯಾಕ್ಟರ್? ಆಪರೇಷನ್ ಥೇಟರ್ ಕಡೆ ಟ್ರ್ಯಾಕ್ಟರ್ ಯಾಕ ಬರ್ತದೋ, ಹೊಲಾ ಹೂಡ್ಲಿಕ್ಕೇನು?"

ನಗು ಬಂತು, ಆದರೆ ಫೋನು ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ಕಾಕಾ ಒಂಟಿ ಮನುಷ್ಯ. ಇವತ್ತು ಹೆಸರು ಹೋಯಿತು, ನಾಳೆ ಮನೆಯ ದಾರಿ ಹೋದರೆ? ಜಿಪಿ ಡಾಕ್ಟರ ಹತ್ತಿರ ಕರೆದೊಯ್ಯಲೇ? ಅಥವಾ ಹೋಗಿರುವುದು ನನ್ನ ನೆನಪೋ? ಆ ಕಾಲದಲ್ಲಿ ಆ ಕಥೆ ಕೇಳಿಸಿಕೊಂಡವರಲ್ಲಿ ಉಳಿದಿರುವವನು ನಾನೊಬ್ಬನೇ. ನಮ್ಮಿಬ್ಬರ ತಲೆಯಲ್ಲೂ ಇಲ್ಲವೆಂದರೆ ಆ ಹೆಂಗಸು ಪುಸ್ತಕಕ್ಕೂ ಬರುವುದಿಲ್ಲ, ಎಲ್ಲಿಗೂ ಬರುವುದಿಲ್ಲ. ನನಗೆ ನಿದ್ದೆ ಬಿಟ್ಟುಹೋಯಿತು. ಕಣ್ಣು ಮುಚ್ಚಿದರೆ ಟ್ರ್ಯಾಕ್ಟರ್!

ಪುಸ್ತಕ ಅಚ್ಚಿಗೆ ಹೋಗುವ ಮುಂಚಿನ ಶನಿವಾರದ ಸಂತೆಗೆ ಇಬ್ಬರೂ ಈಸ್ಟ್ ಹ್ಯಾಮ್‌ಗೆ ಹೋದೆವು. ದಾರಿಯಲ್ಲಿ ದೋಸೆ ತಿನ್ನೋಣ ಎಂದೆ, ಕಾಕಾ ಬೇಡವೆಂದರು. ಅವರು ದೋಸೆ ಬೇಡವೆಂದದ್ದನ್ನು ನಾನು ಕಂಡದ್ದು ಅದೇ ಮೊದಲು, ನನ್ನ ನೆನಪನ್ನು ನಂಬುವುದಾದರೆ. ಹುಡುಗಿ ಚಿತ್ರಗಳನ್ನು ಹರಡಿದಳು. ಮೋಟರ್‌ಬೈಕ್, ಕಿಟಕಿ, ಬೆಳಕಿನ ಮುಂದೆ ನಿಂತ ಗಟ್ಟಿಮುಟ್ಟಾದ ಹೆಂಗಸು. ಮುಖಪುಟದ ಮೇಲ್ಭಾಗ ಹೆಸರಿಗಾಗಿ ಖಾಲಿ.

ಕಾಕಾ ಚಿತ್ರದ ಮೇಲೆ ಬಗ್ಗಿದರು. "ಹೌದು, ಹಿಂಗ ನಿಂತಿದ್ಲು. ಒಳಗಿಂದ ನಾ ಕೂಗ್ತಿದ್ದೆ, ಅಕ್ಕಾ, ಬೆಳಕು ಎಡಕ್ಕ, ಅಕ್ಕಾ, ಇನ್ನೊಂಚೂರು..."

ಅಕ್ಕಾ! ಚಿಕ್ಕಂದಿನ ಸೂಟಿಯ ರಾತ್ರಿಗಳು ಕಣ್ಣ ಮುಂದೆ ಬಂದವು. ಬೆನ್ನು ತಟ್ಟುತ್ತಾ ಕಥೆ ಹೇಳುತ್ತಿದ್ದ ಕಾಕಾ, "ಯಾವ ಅಕ್ಕ?" ಎಂದು ಕೇಳುತ್ತಿದ್ದ ನಾನು.

"ಕಾಕಾ, ನೀವು ಹೆಸರ ಹೇಳೇ ಇಲ್ಲ. ಯಾವಾಗ್ಲೂ ಅಕ್ಕ ಅಂತನ ಹೇಳ್ತಿದ್ರಿ."

ಕಾಕಾ ಚಿತ್ರದಿಂದ ಕಣ್ಣೆತ್ತಿದರು. "ಹೌದಲ್ಲೋ," ಎಂದರು ನಿಧಾನವಾಗಿ. "ಹಿರೇ ಹೆಣ್ಣಮಗಳು, ಹೆಸರ ಹಿಡದು ಹೆಂಗ ಕರೀಲಿ? ಮೊದಲ ದಿನಾನ ಅಕ್ಕ ಅಂದೆ. ಆಮ್ಯಾಲ ಆಸ್ಪತ್ರಿ ಮಂದೀನೂ ಹಂಗ ಕರದ್ರು. ನಾ ಮರತಿಲ್ಲೋ. ನಾ ಕೇಳೇ ಇಲ್ಲ."

ಕಾಯಿಲೆಯಲ್ಲ ಎಂದು ಒಂದು ಕ್ಷಣ ನನಗೆ ಹಾಯೆನಿಸಿತು. ಆಮೇಲೆ ಅವರ ಮುಖ ನೋಡಿದೆ. ಮರೆತದ್ದು ಎಂದಾದರೂ ನೆನಪಾದೀತು. ಕೇಳದೇ ಬಿಟ್ಟದ್ದು?

ನಾನು ಹುಡುಗಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಮುಖಪುಟವನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಮ್ಮಲ್ಲೂ ಹೀಗೇ," ಎಂದಳು. "ಆಕೆ ಓಗೊಡುತ್ತಿದ್ದುದು ಇದಕ್ಕೇ ಅಂದರೆ ಇದನ್ನೇ ಬರೆಯುತ್ತೇನೆ." ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ 'ಅಕ್ಕ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು. ಆಮೇಲೆ ನನ್ನ ಕಡೆ ತಿರುಗಿದಳು. "ಒಳಗೆ ಒಬ್ಬ ಯುವ ಡಾಕ್ಟರ್ ಇದ್ದಾನಲ್ಲ, ಕೈ ನಡುಗುವವನು. ಅವನದಾದರೂ ನಿಜವಾದ ಹೆಸರು ಹಾಕೋಣ. ಅಂಕಲ್ ಹೆಸರೇನು?"

ನಮ್ಮ ಮನೆಯಲ್ಲಿ ಹಿರಿಯರ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ನನ್ನ ಮೊಬೈಲಿನಲ್ಲೂ ಅವರು ಬರೀ ಕಾಕಾ. ಅವರನ್ನು ಹೆಸರಿಟ್ಟು ಕರೆಯುತ್ತಿದ್ದ ಅಜ್ಜ, ಅಜ್ಜಿ, ನಮ್ಮಪ್ಪ, ಯಾರೂ ಈಗಿಲ್ಲ. ಅಪ್ಪಣೆ ಕೇಳುವವನಂತೆ ಅವರತ್ತ ನೋಡಿದೆ. ಅವರು ಬೆನ್ನು ತಿರುಗಿಸಿಕೊಂಡು ಕನ್ನಡಕ ಒರೆಸುತ್ತಿದ್ದರು.

"ವಸಂತ," ಎಂದೆ. ಅಳತೆ ತಪ್ಪಿ ಜೋರಾಗಿಯೇ ಬಂತು.

ಕಾಕಾ ಥಟ್ಟನೆ ತಿರುಗಿದರು. ಕನ್ನಡಕವಿಲ್ಲದ ಕಣ್ಣುಗಳಿಂದ ಆ ಗದ್ದಲದಲ್ಲಿ ಯಾರನ್ನೋ ಹುಡುಕುತ್ತಾ, "ಓ, ಬಂದೆ," ಎಂದರು.