ಗುರುವಿನ ಗಾಡಿಗೆ ನಾನು ಹಾಕಿದ ಹೊಲಿಗೆ

ಗುರುಪುತ್ರಪ್ಪನ ಗಾಡಿಯ ಬಿರುಕನ್ನು ನಾನೇ, ನನ್ನ ಈ ಎರಡು ಕೈಗಳಿಂದಲೇ, ಶೋರೂಮಿನಿಂದ ಇಳಿಸಿದ ದಿನ ಇದ್ದಂತೆ ಮಾಡಿಕೊಡುತ್ತೇನೆ ಎಂದು ಖಾನಾಪುರದ ಅವನ ಅಂಗಳದಲ್ಲಿ ನಿಂತು ಘೋಷಿಸಿದೆ. ಭಗೀರಥನೂ ಗಂಗೆಯನ್ನು ತರುತ್ತೇನೆಂದಾಗ ಇಷ್ಟು ಎದೆಯುಬ್ಬಿಸಿರಲಿಕ್ಕಿಲ್ಲ.

ಗುರು ನನ್ನ ಶಾಲೆಯ ಗೆಳೆಯ. ಹೋದ ವರ್ಷ ಆಷಾಢದಲ್ಲಿ, ಯಾರಿಗೂ ಹೇಳದೆ, ನಿದ್ದೆಯಲ್ಲೇ ಹೋಗಿಬಿಟ್ಟ. ಅವನು ಬಿಟ್ಟುಹೋದ ಗಾಡಿ ಎಂಬತ್ತರ ದಶಕದ್ದು, ಎರಡು ಸ್ಟ್ರೋಕಿನ ಬೈಕು. ಅದರ ಸದ್ದು ಓಣಿಯ ತಿರುವಿನಲ್ಲಿ ಕೇಳಿದ ಮೇಲೆಯೇ ಅವನ ತಾಯಿ ಚಂದ್ರವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದರು. ಅವನು ಹೋದ ಮೇಲೂ ಆ ಪದ್ಧತಿ ನಿಂತಿಲ್ಲ. ದಿನಾ ಮಧ್ಯಾಹ್ನ ಅವನ ಹೆಂಡತಿ ಕಾಂತಾ ಅಂಗಳಕ್ಕೆ ಬಂದು ಗಾಡಿಗೆ ಒಂದು ಕಿಕ್ ಕೊಡುತ್ತಾಳೆ. ಸದ್ದು ಕೇಳಿದರೆ ಮಾತ್ರ ಮುದುಕಿ ತಾಟಿನ ಮುಂದೆ ಕುಳಿತುಕೊಳ್ಳುತ್ತದೆ. ಇಲ್ಲವಾದರೆ ಇಲ್ಲ. ಒಮ್ಮೆ ಪೆಟ್ರೋಲ್ ತೀರಿದಾಗ ಸಂಜೆಯವರೆಗೆ ಉಪವಾಸ ಕುಳಿತಿತ್ತಂತೆ.

ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಿತ್ತು. ಅಂದು ಗಾಡಿಗೆ ಹೂವಿನ ಹಾರ ಹಾಕುವುದು, ಸದ್ದು ಕೇಳಿಸುವುದು, ಆಮೇಲೆ ಬಂದವರಿಗೆಲ್ಲ ಊಟ ಎಂದು ಕಾಂತಾ ಹೇಳಿದಳು. ನಾನು ಗಾಡಿಯನ್ನು ನೋಡಿದೆ. ಸೀಟಿನ ಕೆಳಗಿನ ಎಡಗಡೆ ಪ್ಯಾನಲ್ಲು, ಅಂದರೆ ಬ್ಯಾಟರಿಯನ್ನು ಮುಚ್ಚುವ ಕಪ್ಪು ಪ್ಲಾಸ್ಟಿಕ್ಕು, ಮೂಲೆಯಲ್ಲಿ ಬಿರಿದು ಬಾಯಿ ತೆರೆದಿತ್ತು. ಅದನ್ನು ಗಾಡಿಯ ಚೌಕಟ್ಟಿನ ಲಾಕಿಗೆ ಹಿಡಿದಿಡುವ ಕಿವಿ ಮುರಿದಿತ್ತು. ಒಂದು ತುಂಡು ತಂತಿಯಿಂದ ಹೇಗೋ ಬಿಗಿದಿದ್ದರು. ನನ್ನ ಗೆಳೆಯನ ಗಾಡಿಗೆ ಹಾರ ಹಾಕುವುದು, ಅದರ ಕೆಳಗೆ ತಂತಿ ಜೋತಾಡುವುದು! ನಾನು ತಂತಿ ಬಿಚ್ಚಿ ಪ್ಯಾನಲ್ಲನ್ನು ಎತ್ತಿಕೊಂಡೇಬಿಟ್ಟೆ. ಒಳಗೆ ಏನಿದೆ ಎಂದು ನೋಡುವಷ್ಟು ವ್ಯವಧಾನ ವೀರರಿಗೆ ಎಲ್ಲಿರುತ್ತದೆ?

"ಬೀರೇಶಣ್ಣಾರ, ಅದು ಹಂಗ ಇರಲಿ ಬಿಡ್ರಿ," ಎಂದಳು ಕಾಂತಾ. "ಅದನ್ನ ಅವರು..."

"ನೀ ಏನೂ ಹೇಳಬ್ಯಾಡ ಕಾಂತಾ. ಇದು ನನಗೂ ಗುರುಗೂ ಬಿಟ್ಟಿದ್ದು."

ಕಟ್ಟೆಯ ಮೇಲೆ ಕುಳಿತು ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಜಜ್ಜುತ್ತಿದ್ದ ಚಂದ್ರವ್ವ ನನ್ನನ್ನೊಮ್ಮೆ, ಪ್ಯಾನಲ್ಲನ್ನೊಮ್ಮೆ ನೋಡಿ, ಮತ್ತೆ ಜಜ್ಜತೊಡಗಿದರು.

ಪ್ಯಾನಲ್ಲನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಗೆ ತಂದೆ. ಪಕ್ಕದಲ್ಲಿ ಕುಳಿತ ಹೆಂಗಸು ಕೂಸಿರಬೇಕೆಂದು ಕಾಲು ಸರಿಸಿ ಜಾಗ ಕೊಟ್ಟಳು. ಅನಗೋಳದ ನಮ್ಮ ಮನೆಯ ಬಾಗಿಲು ತೆರೆದ ನನ್ನ ಹೆಂಡತಿ ಪೂನಮ ಟವೆಲ್ಲು ಸರಿಸಿ ನೋಡಿದಳು.

"ಯಾರು ಮಾಡತಾರ ಇದನ್ನ?"

"ನಾನು."

"ಹೋದ ತಿಂಗಳ ನಳ ರಿಪೇರಿ ಮಾಡಿದ್ರಲ್ಲಾ, ಅದು ನೆನಪೈತೇನು? ಕೆಳಗಿನ ಮನಿಯವರು ಇನ್ನೂ ನಮ್ಮ ಜೋಡಿ ಮಾತಾಡವಲ್ಲರು."

ನಾನು ಲೈಬ್ರರಿಯಲ್ಲಿ ಜೀವ ಸವೆಸಿದವನು. ಓದಿದರೆ ಬಾರದ ವಿದ್ಯೆಯಿಲ್ಲ ಎಂದು ನಂಬಿದವನು. ಮೊಬೈಲಿನಲ್ಲಿ ಓದಿದೆ. ಬರೀ ಗೋಂದು ಹಚ್ಚಿದರೆ ನಿಲ್ಲುವುದಿಲ್ಲ, ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಕರಗಿಸಿ, ಗೊಜ್ಜಿನಂತೆ ಮಾಡಿ ಬಿರುಕಿಗೆ ತುಂಬಬೇಕು. ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಎಲ್ಲಿಂದ ತರುವುದು? ಕನ್ನಡಿಯ ಮುಂದೆ ಪೂನಮಳ ಹೇರ್ ಡ್ರೈಯರ್ ಇತ್ತು. ಕಪ್ಪು. ಗಟ್ಟಿ. ಅವಳು ಅದನ್ನು ಮದುವೆ ಮುಂಜಿಗೆ ಮಾತ್ರ ಬಳಸುತ್ತಾಳೆ. ಮದುವೆಗಳು ಬರುತ್ತವೆ, ಹೋಗುತ್ತವೆ. ಗೆಳೆಯ ಒಬ್ಬನೇ.

ಡ್ರೈಯರ್ ಒಡೆದೆ. ತುಂಡುಗಳು ದೊಡ್ಡವಾದವು. ಮಿಕ್ಸರಿಗೆ ಹಾಕಿದೆ. ಮಿಕ್ಸರ್ ಒಮ್ಮೆ ಗುಡುಗಿತು, ಒಮ್ಮೆ ಹೊಗೆಯಾಡಿತು, ಆಮೇಲೆ ಶಾಶ್ವತ ಮೌನಕ್ಕೆ ಸಂದಿತು. ಸಿಕ್ಕಷ್ಟು ಪುಡಿಯನ್ನು ಸ್ಟೀಲಿನ ಬಟ್ಟಲಿಗೆ ಸುರಿದು, ಪೂನಮಳ ಉಗುರುಬಣ್ಣದ ದ್ರಾವಣವನ್ನೆಲ್ಲ ಹೊಯ್ದು, ಅಡಿಗೆಮನೆಯ ಕಟ್ಟೆಯ ಮೇಲೆ ನೆನೆಯಲು ಇಟ್ಟೆ.

ಮಧ್ಯಾಹ್ನ ಪೂನಮ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಆ ಬಟ್ಟಲು ಹಿಡಿದುಕೊಂಡು ಬಂದಳು.

"ಈ ಗುರೆಳ್ಳ ಚಟ್ನಿ ಯಾರ ಮನಿಯಿಂದ ಬಂದೈತ್ರಿ? ಆಸ್ಪತ್ರಿ ನಾತ ಹೊಡ್ಯಾಕತ್ತೈತಿ."

"ಅದು ನಿನ್ನ ಹೇರ್ ಡ್ರೈಯರ್."

ಅವಳು ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟಳು. ನಿಧಾನವಾಗಿ ಇಟ್ಟಾಗ ನನಗೆ ಹೆಚ್ಚು ಭಯ.

"ಮಿಕ್ಸರ್ ಯಾಕ ಮಾತಾಡವಲ್ತು?"

ನಾನು ಸ್ಟೇಪ್ಲರ್ ಹುಡುಕಲು ಎದ್ದೆ.

ಬಿರುಕಿನ ಎರಡು ತುಟಿಗಳು ಕೂಡಬೇಕಿತ್ತು. ಒಳಗಿನಿಂದ ಸ್ಟೇಪ್ಲರ್ ಪಿನ್ನುಗಳನ್ನು ಕಾಯಿಸಿ, ಡಾಕ್ಟರು ಹೊಟ್ಟೆ ಹೊಲಿದಂತೆ ಅಡ್ಡಡ್ಡ ಒತ್ತಿ ಹೊಲಿಗೆ ಹಾಕಿದೆ. ಮೇಲೆ ಗೊಜ್ಜು ಬಳಿದೆ. ಮುರಿದ ಕಿವಿಯನ್ನೂ ಅದೇ ಗೊಜ್ಜಿನಿಂದ ಕಟ್ಟಿದೆ. ಅಲುಗಾಡದಿರಲೆಂದು ಕೊನೆಗೆ ಫೆವಿಕ್ವಿಕ್ ಹಾಕಿ ಅಂಗೈಯಿಂದ ಒತ್ತಿ ಹಿಡಿದೆ. ಮನಸ್ಸಿನಲ್ಲೇ ಗುರುವಿಗೆ ಹೇಳಿದೆ, ನೋಡೋ, ಪುಸ್ತಕದ ಹುಳ ಅಂತಿದ್ದೆಯಲ್ಲ. ಅವನೊಂದಿಗೆ ಮಾತಾಡುತ್ತ ಬಹಳ ಹೊತ್ತು ಕುಳಿತಿರಬೇಕು. ಕೈ ಎತ್ತಿದರೆ ಪ್ಯಾನಲ್ಲೂ ಎದ್ದು ಬಂತು.

ಎಣ್ಣೆ ಹಚ್ಚಿದೆವು. ಉಗುರುಬಣ್ಣದ ದ್ರಾವಣ ಹಚ್ಚಿದರೆ ಪ್ಯಾನಲ್ಲೇ ಕರಗುತ್ತದೆ, ಮೇಲಾಗಿ ಅದು ಉಳಿದಿರಲೂ ಇಲ್ಲ. ಪೂನಮ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ನೆಹರು ನಗರದ ಆಸ್ಪತ್ರೆಗೆ ಹೊರಟಳು. ದಾರಿಯುದ್ದಕ್ಕೂ ನಾನು ಆಶೀರ್ವಾದದ ಭಂಗಿಯಲ್ಲಿ ಪ್ಯಾನಲ್ಲನ್ನು ಎತ್ತಿ ಹಿಡಿದಿದ್ದೆ. ಸಿಗ್ನಲ್ಲಿನಲ್ಲಿ ಒಬ್ಬ ಮುದುಕ ಕೈ ಮುಗಿದ.

ಕೌಂಟರಿನ ಹುಡುಗಿ ಕೇಳಿದಳು, "ಏನಾಗೇದರೀ?"

"ಗಾಡಿ ಹತ್ತೇತಿ," ಎಂದಳು ಪೂನಮ.

"ಯಾವ ಗಾಡಿ ಹಾಯ್ದು ಹೋತ್ರಿ? ಪೊಲೀಸರಿಗೆ ಹೇಳೀರೇನು?"

"ಹಾಯ್ದಿಲ್ಲವ್ವಾ. ಅಂಟಕೊಂಡೇತಿ. ಇನ್ನೂ ಹೋಗಿಲ್ಲ."

ಒಬ್ಬ ನರ್ಸಮ್ಮ ಬಿಸಿನೀರು, ಸಾಬೂನು ಹಚ್ಚಿ, ನಗು ತಡೆದುಕೊಂಡು, ಬೆರಳು ಬೆರಳಾಗಿ ಬಿಡಿಸಿದಳು. ಅಂಗೈಯ ಒಂದಿಷ್ಟು ಚರ್ಮ ಗಾಡಿಗೆ ಸಮರ್ಪಣೆಯಾಯಿತು. ಆದರೆ ಬಿರುಕು? ಕೂಡಿತ್ತು. ಉಜ್ಜಿ, ಕಪ್ಪು ಬಣ್ಣ ಹೊಡೆದ ಮೇಲೆ ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ಪೂನಮ ಕೂಡ ಬೆರಳಾಡಿಸಿ ನೋಡಿ, "ಖರೇನ ಕೂಡೇತಿ" ಎಂದಳು. ಮಿಕ್ಸರ್ ಇಲ್ಲದ ಮನೆಯಲ್ಲಿ ಹೆಂಡತಿಯಿಂದ ಇಂಥ ಮಾತು ಬರುವುದು ಪದ್ಮಶ್ರೀಗಿಂತ ದೊಡ್ಡದು.

ಪುಣ್ಯಸ್ಮರಣೆಯ ದಿನ ಅಂಗಳ ತುಂಬ ಜನ. ಒಳಗೆ ಗೋಧಿ ಹುಗ್ಗಿ, ಎಣ್ಣೆಗಾಯಿ ಪಲ್ಲೆ. ಪೂಜೆ ಮುಗಿಸಿದ ಬಸಯ್ಯನವರು ಅಡಿಗೆಮನೆಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ನಾನು ಎಲ್ಲರೆದುರು ಪ್ಯಾನಲ್ಲನ್ನು ಅದರ ಜಾಗದಲ್ಲಿಟ್ಟು ಒತ್ತಿದೆ. ನಾನು ಕಟ್ಟಿದ ಕಿವಿ ಲಾಕಿನೊಳಗೆ ಹೋಗಿ 'ಟಕ್' ಎಂದಿತು. ತಂತಿಯನ್ನು ಹಿತ್ತಲಿಗೆ ಎಸೆದೆ. ಕಣ್ಣು ತುಂಬಿ ಬಂತು.

ಕಾಂತಾ ಗಡಿಬಿಡಿಯಲ್ಲಿ ಬಂದು ನೇರ ಕಿಕ್ ಹೊಡೆದಳು. ಇಲ್ಲ. ಮತ್ತೆ ಹೊಡೆದಳು. ಇಲ್ಲ. ಏನೋ ನೆನಪಾಗಿ ಬಗ್ಗಿ, ಪ್ಯಾನಲ್ಲಿನ ಮೂಲೆಯ ಮೇಲೆ ಎರಡು ಬೆರಳಾಡಿಸಿ, ತಲೆ ಎತ್ತಿದಳು.

"ಅಣ್ಣಾರ, ಸಂದಿ ಎಲ್ಲಿ ಹೋತ್ರಿ?"

"ಮುಚ್ಚಿದೆ," ಎಂದೆ ಹೆಮ್ಮೆಯಿಂದ.

"ಅಯ್ಯ ಶಿವನ, ಒಳಗ ಸ್ವಿಚ್ ಐತ್ರಿ. ಕಳ್ಳರು ಒಯ್ಯಬಾರದಂತ ಇವರು ಹಾಕಿಸಿದ್ದು. ಆ ಸಂದ್ಯಾಗ ಎರಡ ಬೆರಳ ಹಾಕಿ ಒತ್ತಿದ್ರನ ಗಾಡಿ ಚಾಲೂ ಆಗೂದು."

"ಹಂಗಾರ ಲಾಕಿನ ಕೀಲಿ ಕೊಡು, ತಗೀತೀನಿ."

"ಕೀಲಿ ಮಲಪ್ರಭಾ ಹೊಳ್ಯಾಗ ಬಿದ್ದು ಯಾವ ಕಾಲ ಆತು. ಅದಕ್ಕಽ ಅಲ್ಲೇನ್ರಿ ಒಡದಿದ್ದು."

ಕಟ್ಟೆಯ ಮೇಲಿಂದ ಚಂದ್ರವ್ವನ ದನಿ ಬಂತು. "ಸದ್ದು ಬರಲಿ. ಆಮ್ಯಾಲ ಊಟ."

"ಯವ್ವಾ, ಇವತ್ತೊಂದ ದಿನ..." ಎಂದು ಬಸಯ್ಯನವರು ರಾಗ ಎಳೆದರು.

"ನೀವು ಉಣ್ರಿ ಅಯ್ನಾರ. ನಾ ಒಲ್ಲೆ."

ಆ ತಾಯಿಯನ್ನು ಬಿಟ್ಟು ತುತ್ತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಪೂನಮ ನನ್ನ ಕಿವಿಯಲ್ಲಿ, "ಒಡೀರಿ. ಒಡಿಯೂದರಾಗ ಶಾಣ್ಯಾ ಅದೀರಿ" ಎಂದಳು. ಕೈಗೆ ಸಿಕ್ಕ ಕಲ್ಲಿನಿಂದ ಹೊಡೆದೆ. ಬಿರುಕು ಬಿಡಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ರಿಪೇರಿ ಗಟ್ಟಿಯಾಗಿತ್ತು.

"ಅತ್ತಾಗ ಸರಕೋ," ಎಂದರು ಚಂದ್ರವ್ವ. ಕುಟ್ಟಾಣಿ ಹಿಡಿದುಕೊಂಡು ಕಟ್ಟೆ ಇಳಿದು ಬಂದು, ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೇ ಏಟು ಹಾಕಿದರು. ನನ್ನ ಹೊಲಿಗೆ ಹಾಗೇ ಇತ್ತು. ಅದರ ಪಕ್ಕದಲ್ಲಿ, ಸರಿಯಾಗಿ ಎರಡು ಬೆರಳಿನಷ್ಟು, ಪ್ಲಾಸ್ಟಿಕ್ಕು ಬಾಯಿ ತೆರೆಯಿತು.

"ಗುರೂಗೂ ಒಡಿಯಾಕ ಬರತಿದ್ದಿಲ್ಲ," ಎಂದರು. "ಆವತ್ತೂ ನಾನಽ ಒಡದ ಕೊಟ್ಟಿದ್ದೆ."

ಬೆರಳು ತೂರಿಸಿ ಸ್ವಿಚ್ ಒತ್ತಿದರು. ಕಾಂತಾ ಕಿಕ್ ಹೊಡೆದಳು. ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಓಣಿಯ ತಿರುವಿನವರೆಗೆ ಕೇಳುವಂತೆ ಮಾತಾಡಿತು. ಮುದುಕಿ ಆ ಸದ್ದನ್ನು ಸ್ವಲ್ಪ ಹೊತ್ತು ನಿಂತು ಕೇಳಿತು. ನಾವೆಲ್ಲರೂ ಕೇಳಿದೆವು. ಆಮೇಲೆ ಸೊಂಟಕ್ಕೆ ಕೈಕೊಟ್ಟು ಒಳಗೆ ಹೊರಟ ಚಂದ್ರವ್ವ ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಬೀರೂ, ವಾರಕ್ಕೊಮ್ಮಿ ಬರಕೋತ ಇರು. ಬರೀಗೈಲೆ ಬಾ."

"ಆತು ಯವ್ವಾ," ಎಂದೆ.

"ಆಮ್ಯಾಲ ಗುರೂ ಕಟ್ಟಿದ್ದ ಆ ತಂತಿ ಎಲ್ಲಿ ಒಗದಿ? ಹೋಗಿ ಹುಡಿಕ್ಯಾಡು. ಅದು ಸಿಗೂತನಕ ನಿನಗ ಊಟ ಇಲ್ಲ."