ಕೆಂಬಾಳೆವ್ವನ ಅಪ್ಪಣೆ

ಗಂಡ ಹೋದ ಮೇಲೆ ಅವನ ಗುಟ್ಟುಗಳು ಹೊರಬರುತ್ತವೆ ಎಂದು ಕೇಳಿದ್ದೆ. ಕೆಲವರಿಗೆ ಇನ್ನೊಂದು ಸಂಸಾರವೇ ಇರುತ್ತದಂತೆ. ಅಂಥದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ನಾನೇ ಒಬ್ಬ ದೇವತೆ ಎಂದು ಗೊತ್ತಾದಾಗ ಕುಳಿತಲ್ಲೇ ಕಲ್ಲಾದೆ.

ನಂದೂರಿನ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮವರು ರಜೆಯ ರವಿವಾರವೂ ನಮ್ಮೂರು ಕಮಲಾಪುರದಿಂದ ಕಲಬುರಗಿಗೆ ಓಡುತ್ತಿದ್ದರು. ಇಸ್ಪೀಟು ಇರಬೇಕೆಂದು ಸುಮ್ಮನಿದ್ದೆ. ಅವರು ತೀರಿಕೊಂಡು ತಿಂಗಳಾದ ಮೇಲೆ ಅಲ್ಲಿಯ ಗೆಳೆಯರಿಬ್ಬರು ಮನೆಗೆ ಬಂದರು. ಒಬ್ಬರು ಮಿಲ್ಲಿನ ಶರಣಪ್ಪ, ಇನ್ನೊಬ್ಬರು ಅಲ್ಲಿಯ ರೋಜಾ ಓಣಿಯ ಹತ್ತಿರ ಲಾಡ್ಜ್ ನೋಡಿಕೊಳ್ಳುವ ಇಮ್ತಿಯಾಜ್. ಅದು ಇಸ್ಪೀಟಲ್ಲ, ಕಥೆಯ ಆಟ ಎಂದರು. ನಮ್ಮವರು ಕಥೆ ಹೇಳಬೇಕು, ಶರಣಪ್ಪ ಪೂಜಾರಿಯಾಗಿ, ಇಮ್ತಿಯಾಜ್ ಪೈಲ್ವಾನನಾಗಿ ಅದರೊಳಗೆ ಹೊಕ್ಕು, ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡಬೇಕು. ಆ ಲೋಕದ ಮಂತ್ರಶಕ್ತಿಯೆಲ್ಲ ಕೆಂಬಾಳೆವ್ವ ಎಂಬ ದೇವತೆಯ ಕೈಯಲ್ಲಿ. ಆಕೆಗೆ ನಮ್ಮೂರ ಕೆಂಪು ಬಾಳೆಹಣ್ಣೇ ನೈವೇದ್ಯ. ಆಕೆ ಒಲ್ಲೆ ಅಂದರೆ ದಾಳ ಮುಟ್ಟುವಂತಿಲ್ಲ.

"ಆಕಿ ಅಂದ್ರ ನೀವೇ ರೀ ವೈನಿ," ಅಂದರು ಶರಣಪ್ಪ.

ಆಗ ನೆನಪಾಯಿತು. ಊಟಕ್ಕೆ ಕುಳಿತಾಗ ಇವರು ಏನೇನೋ ಕೇಳುತ್ತಿದ್ದರು. ಯಾರಾದರೂ ಚಪ್ಪಲಿ ಹಾಕಿಕೊಂಡು ನಿನ್ನ ಗುಡಿಯೊಳಗೆ ಬಂದರೆ ಏನು ಮಾಡುತ್ತಿ ಎಂದು ಒಮ್ಮೆ ಕೇಳಿದ್ದರು. ಕಸಬರಿಗೆ ತಗೊಂಡು ಬಡೀತೀನಿ ಅಂದಿದ್ದೆ. ಆ ವಾರ ಇಮ್ತಿಯಾಜರ ಪೈಲ್ವಾನನ ಮೇಲೆ ಆಕಾಶದಿಂದ ಬೆಂಕಿಯ ಕಸಬರಿಗೆ ಬಿತ್ತಂತೆ. ಮಿಲ್ಲಿನ ಧೂಳು ಇವರ ತಲೆಗೇರಿದೆ ಎಂದುಕೊಂಡು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅದೆಲ್ಲ ಅಲ್ಲಿ ದೇವವಾಣಿ!

ಕೊನೆಯ ಆಟದಲ್ಲಿ ಆ ಪೈಲ್ವಾನ ಸತ್ತನಂತೆ. ಅವನನ್ನು ಎಬ್ಬಿಸಿಕೊಡು ಎಂದು ಪೂಜಾರಿ ದೇವತೆಯನ್ನು ಬೇಡಿದ. ಮನೆಗೆ ಹೋಗಿ ಕೇಳಿಕೊಂಡು ಬರುತ್ತೇನೆ ಎಂದು ನಮ್ಮವರು ಎದ್ದರು. ಆ ರಾತ್ರಿ ಮನೆಗೆ ಬಂದವರು ದಣಿವಾಗಿದೆ ಎಂದು ನನ್ನನ್ನು ಏನೂ ಕೇಳದೆ ಮಲಗಿದರು. ಬೆಳಿಗ್ಗೆ ಏಳಲಿಲ್ಲ.

"ಕಥಿ ನಾವೇ ಮುಂದುವರಿಸ್ತೀವ್ರಿ, ಆದ್ರ ನೀವು ಹೂಂ ಅಂದ್ರ ಮಾತ್ರ ಆಟ ಮುಂದ ಹೋಗ್ತದ್ರಿ. ಇಲ್ಲಂದ್ರ ನಿಮ್ಮವರು ಕಟ್ಟಿದ್ದೆಲ್ಲ ಅಲ್ಲಿಗೇ ನಿಂತಂಗ," ಅಂದರು ಶರಣಪ್ಪ.

ನನಗೆ ಮೈಯೆಲ್ಲ ಉರಿಯಿತು. "ಎಬ್ಬಿಸೋದು ನನ್ನ ಕೈಯಾಗಿದ್ರ ಮೊದಲು ನಿಮ್ಮ ಪೈಲ್ವಾನನ್ನ ಎಬ್ಬಿಸ್ತಿದ್ದೆನೇನು?"

ಅಡುಗೆಮನೆಗೆ ಹೋಗಿ ತಾಟು ತೆಗೆದೆ. ನಮ್ಮವರು ಮಲಗಿದಲ್ಲಿಂದ ಏಳಲಿಲ್ಲ ಸರಿ, ಅವರು ಕಟ್ಟಿದ ಲೋಕವನ್ನೂ ನಾನೇ ಮಲಗಿಸಬೇಕೇ? ರೊಟ್ಟಿ, ಪುಂಡಿಪಲ್ಯ ಬಡಿಸಿಕೊಂಡು ಹೊರಬಂದೆ.

"ಎಬ್ಬಿಸ್ಕೋರಿ. ಮೊದಲು ಉಣ್ರಿ."

ಇಮ್ತಿಯಾಜ್ ಕಣ್ಣೊರೆಸಿಕೊಂಡು ನಕ್ಕರು. "ಆಕಿ ಹಂಗೇ ಅದಾಳ್ರಿ ಭಾಭಿ. ಬೈದೇ ಕೊಡ್ತಾಳ."

ಮುಂದಿನ ರವಿವಾರ, ಪೈಲ್ವಾನ ಏಳುವುದನ್ನು ಕಣ್ಣಾರೆ ನೋಡಲು, ಚೀಲದಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ದೇವತೆ ಕಲಬುರಗಿಯ ಬಸ್ಸು ಹತ್ತಿದಳು. ಕಮಲಾಪುರದಿಂದ ಕೊನೆಯ ಸ್ಟಾಪಿನವರೆಗೂ ನಿಂತೇ ಹೋದಳು. ಬೈದು ನೋಡಿದಳು, ಒಬ್ಬರೂ ಸೀಟು ಬಿಡಲಿಲ್ಲ.